ಕಬ್ಬಿನೊಳಗಿಂದ ಓಗೊಟ್ಟವರು

ಮಧ್ಯಾಹ್ನ ಮೂರು ಗಂಟೆ ಹದಿನೇಳು ನಿಮಿಷಕ್ಕೆ ಎಲ್ಲವೂ ಕೆಡಲು ಶುರುವಾಯಿತು. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರುವುದು ನನ್ನ ಜ್ಞಾಪಕಶಕ್ತಿಯಿಂದಲ್ಲ. ಕ್ಯಾಮೆರಾದಲ್ಲಿ ಉಳಿದ ಆ ದೃಶ್ಯದ ಜೊತೆಗೆ ಗಂಟೆ, ನಿಮಿಷ, ಸೆಕೆಂಡು ಎಲ್ಲವೂ ದಾಖಲಾಗಿವೆ. ಅದನ್ನು ನಾನು ಎಷ್ಟು ಸಲ ನೋಡಿದ್ದೇನೋ ನನಗೇ ತಿಳಿಯದು.

ಸತ್ತವರ ದನಿ, ದೆವ್ವ, ಗಾಳಿ ಇಂಥವನ್ನು ನಾನು ನಂಬಿದವನಲ್ಲ. ಬಿ.ಎ.ಯಲ್ಲಿ ಮನಶ್ಶಾಸ್ತ್ರ ಓದಿದ್ದೆ. ಯಾರಾದರೂ ಇಂಥ ಅನುಭವ ಹೇಳಿದರೆ ಮರ್ಯಾದೆಗೆ ಕೇಳಿಸಿಕೊಂಡು, ಮನಸ್ಸಿನಲ್ಲೇ ಅವರ ಕಾಯಿಲೆಯ ಹೆಸರು ಹುಡುಕುತ್ತಿದ್ದೆ. ವಿಚಿತ್ರವೆಂದರೆ ಇದೇ ಕಾರಣಕ್ಕೆ ನನಗೆ ಒಂದು ಬಗೆಯ ಸಿನಿಮಾದ ಹುಚ್ಚು ಹಿಡಿದಿತ್ತು. ಯುದ್ಧದಿಂದ ಮನೆಗೆ ಮರಳಿದ ಸೈನಿಕನೊಬ್ಬ ನಿದ್ದೆಗೆಟ್ಟು, ಸತ್ತ ಗೆಳೆಯನನ್ನು ಅಡುಗೆಮನೆಯ ಬಾಗಿಲಲ್ಲಿ ಕಾಣುವಂಥ ಸೈಕಲಾಜಿಕಲ್ ಹಾರರ್ ಸಿನಿಮಾಗಳು. ಯಾವ ದೇಶದ್ದಾದರೂ ಸರಿ, ಹುಡುಕಿ ನೋಡುತ್ತಿದ್ದೆ. ಅವುಗಳಲ್ಲಿ ಕೊನೆಗೆ ಕಾರಣ ಸಿಗುತ್ತದೆ. ಬಾಗಿಲಲ್ಲಿ ನಿಂತದ್ದು ದೆವ್ವವಲ್ಲ, ಆ ಮನುಷ್ಯನ ಗಾಯ ಎಂದು ತಿಳಿಯುತ್ತದೆ. ಹೆದರಿದ ಹಾಗೂ ಆಯಿತು, ಬುದ್ಧಿ ಕೆಡದೆ ಉಳಿದ ಹಾಗೂ ಆಯಿತು. ಮಂಡ್ಯದ ಗುತ್ತಲಿನ ನನ್ನ ಕೋಣೆಯಲ್ಲಿ ಚಾದರ ಹೊದ್ದು ಇನ್ನೊಬ್ಬರ ಗಾಯವನ್ನು ನೋಡಿ ಸುಖಪಡುತ್ತಿದ್ದೆ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿರಲಿಲ್ಲ.

ನನಗೆ ಜೊತೆಯಾಗಿದ್ದವನು ಇಮ್ರಾನ್. ಕಾಲೇಜಿನಲ್ಲಿ ಒಟ್ಟಿಗೆ ಓದಿದವನು. ಮದ್ದೂರಿನಲ್ಲಿ ಅವನ ತಂದೆಯ ಫೋಟೊ ಸ್ಟುಡಿಯೊ ಇದೆ. ಮದುವೆ, ನಾಮಕರಣಗಳ ವಿಡಿಯೊ ಮಾಡಿ ಅವನು ಬೇಸತ್ತಿದ್ದ. ಇಬ್ಬರೂ ಸೇರಿ ಇಪ್ಪತ್ತು ನಿಮಿಷದ ಕಿರುಚಿತ್ರ ಮಾಡುವುದೆಂದು ಗೊತ್ತಾಯಿತು. ಕಥೆ, ನಿರ್ದೇಶನ ನನ್ನದು. ಕ್ಯಾಮೆರಾ, ಧ್ವನಿ ಅವನದು. ನಟ ಮಾತ್ರ ಸಿಕ್ಕಿರಲಿಲ್ಲ.

ನಟನನ್ನು ನಾನು ಬಂಡೂರಿನಲ್ಲಿ ಕಂಡುಕೊಂಡೆ. ನನ್ನ ಕೆಲಸ ವಿಮಾ ಕಚೇರಿಯಲ್ಲಿ. ಮಳವಳ್ಳಿ ತಾಲ್ಲೂಕಿನ ಆ ಹಳ್ಳಿಯಲ್ಲಿ ವಿಮೆ ಮಾಡಿಸಿದ ಕುರಿಯೊಂದು ಸತ್ತರೆ, ಅದರ ಕಿವಿಯ ಬಿಲ್ಲೆ ನೋಡಿ ವರದಿ ಬರೆಯಲು ನಾನು ಹೋಗಬೇಕು. ಹಾಗೆ ಪರಿಚಯವಾದವರು ಜವರಪ್ಪ. ಸೇನೆಯಲ್ಲಿದ್ದು ಬಂದವರು, ಐವತ್ತರ ಮೇಲಿನ ವಯಸ್ಸು, ಮೂವತ್ತು ಕುರಿ ಸಾಕಿಕೊಂಡಿದ್ದರು. ವರದಿಯ ಕೆಲಸ ಮುಗಿದ ಮೇಲೂ ನಾನು ಹೋಗಿ ಬಂದು ಮಾಡತೊಡಗಿದೆ. ಟೀ ಕೊಡುತ್ತಿದ್ದರು. ಊರಿನ ಸುದ್ದಿ ಹೇಳುತ್ತಿದ್ದರು. ಯುದ್ಧದ ಮಾತನ್ನು ಮಾತ್ರ ನಾನು ಎಷ್ಟು ಕೆದಕಿದರೂ ಆಡುತ್ತಿರಲಿಲ್ಲ.

ಒಂದು ದಿನ ಕುರಿಯ ಗೊರಸು ಕತ್ತರಿಸುತ್ತ, ನನ್ನ ಮುಖ ನೋಡದೆ ಹೇಳಿದರು. ಗಡಿಯ ಬೆಟ್ಟವೊಂದರಲ್ಲಿ ಮಂಜು ಕವಿದ ಬೆಳಗು. ಉತ್ತರದ ಕಡೆಯ ಹುಡುಗನೊಬ್ಬ ಅವರ ಜೊತೆಗಾರ. ಜವರಪ್ಪ ಎನ್ನಲು ಬಾರದೆ ‘ಜವಾರ್’ ಎನ್ನುತ್ತಿದ್ದನಂತೆ. ಗುಂಡು ತಗುಲಿ ಅವನು ಬಂಡೆಯ ಆಚೆ ಬಿದ್ದ. ಅಲ್ಲಿಂದಲೇ ಕರೆದ. ಓಗೊಟ್ಟರೆ ಉಳಿದವರು ಇರುವ ಜಾಗ ಶತ್ರುವಿಗೆ ತಿಳಿಯುತ್ತದೆ, ಯಾರೂ ಬಾಯಿ ಬಿಡಕೂಡದು ಎಂದು ಮೇಲಿನವರ ಆಜ್ಞೆ. ಹೊತ್ತೇರುವವರೆಗೆ ಅವನು ಕರೆಯುತ್ತಲೇ ಇದ್ದ. ಆಮೇಲೆ ನಿಂತುಹೋಯಿತು.

“ಇದುನ್ನ ನನ್ ಎಂಡ್ರುಗೂ ಏಳಿಲ್ಲ ಕಣಯ್ಯ,” ಎಂದರು. “ನಿಂಗ್ಯಾಕ್ ಏಳ್ದ್ನೋ.”

ನಾನು ಮನೆಗೆ ಬಂದವನೇ ಅದನ್ನು ಚಿತ್ರಕಥೆಗೆ ಸೇರಿಸಿದೆ.

ನಟಿಸಿ ಎಂದಾಗ ಅವರು ನಕ್ಕರು. “ಕುರಿ ಕಾಯೋನ್ನ ಈರೋ ಮಾಡ್ತೀಯಾ? ಮಾಡಪ್ಪ, ಜನ ಎದ್ದೋಡೋಯ್ತಾರೆ,” ಎಂದರು. ಒಪ್ಪಿದ್ದು ನನ್ನ ಮೇಲಿನ ವಿಶ್ವಾಸಕ್ಕೆ. ನಿವೃತ್ತ ಸೈನಿಕನೊಬ್ಬ ಕಬ್ಬಿನ ಗದ್ದೆಯಲ್ಲಿ ದಾರಿ ತಪ್ಪುತ್ತಾನೆ ಎಂದಷ್ಟೇ ಹೇಳಿದ್ದೆ. ಮಿಕ್ಕಿದ್ದನ್ನು ಹೇಳಿರಲಿಲ್ಲ.

ಚಿತ್ರೀಕರಣಕ್ಕೆ ಯಲಿಯೂರಿನ ಹತ್ತಿರದ ಒಂದು ಗದ್ದೆ ಆರಿಸಿದ್ದೆ. ಕಬ್ಬು ಆಳೆತ್ತರ ಮೀರಿ ಬೆಳೆದು ತುದಿಯಲ್ಲಿ ಸೂಲಂಗಿ ಹೂ ತೂಗಿತ್ತು. ಒಳಗೆ ಹತ್ತು ಹೆಜ್ಜೆ ಹೋದರೆ ದಿಕ್ಕು ತಿಳಿಯದು. ಮಂಜಿನ ಬದಲು ಕಬ್ಬು ಎಂಬುದು ನನ್ನ ಕಲ್ಪನೆ. ಗದ್ದೆಯವರ ಅಪ್ಪಣೆ ಕೇಳಲಿಲ್ಲ. ಕೇಳಿದರೆ ನೋಡಲು ಬರುತ್ತಾರೆ, ಬಂದರೆ ಗಲಾಟೆ, ಒಂದು ಗಂಟೆಯ ಕೆಲಸ, ಮುಗಿಸಿ ಹೊರಟುಬಿಡೋಣ ಎಂದೆ. ಇಮ್ರಾನ್ ಮಾತ್ರ, “ಲೇ, ಒಂದ್ ಮಾತು ಕೇಳ್ಬುಡು. ಅವ್ರ ಅಪ್ಪನ ಗದ್ದೆ, ನಮ್ಮಪ್ಪಂದಲ್ಲ,” ಎಂದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಪಕ್ಕದಲ್ಲೇ ರೈಲು ಹಾದಿ. ಮೊದಲ ಮೂರು ಟೇಕು ರೈಲಿನ ಸದ್ದಿಗೆ ಹಾಳಾದವು. ನಾಲ್ಕನೆಯದು, ಐದನೆಯದು ಜವರಪ್ಪನವರಿಂದಲೇ ಕೆಟ್ಟವು. ಹೆದರಿ ತಡವರಿಸಬೇಕಾದವರು ಸೊಗಸಾಗಿ, ನೆಟ್ಟಗೆ ನಡೆದು ಬರುತ್ತಿದ್ದರು.

“ಇದೇನ್ಲಾ ಇದು, ಡೈರಿಗೆ ಆಲು ಆಕಕ್ಕೆ ಓಯ್ತಿರೋ ಅಂಗವ್ರೆ,” ಎಂದು ಇಮ್ರಾನ್ ನನ್ನ ಕಿವಿಯಲ್ಲಿ ಅಂದ.

ಅದು ಜವರಪ್ಪನವರಿಗೂ ಕೇಳಿಸಿತು. “ಎದ್ರುಕೊ ಅಂದ್ರೆ ಎಂಗಪ್ಪ ಎದ್ರುಕೊಳ್ಳೋದು? ಏನಾರ ಇದ್ರೆ ತಾನೆ?” ಎಂದು ನಕ್ಕರು.

ಆ ಮಾತು ನನಗೆ ಉಪಾಯ ಕೊಟ್ಟಿತು. ಆರನೆಯ ಟೇಕು. ರೈಲು ಈಗಷ್ಟೇ ಹೋಗಿತ್ತು, ಇನ್ನೊಂದಕ್ಕೆ ಸಮಯವಿತ್ತು. ಇಮ್ರಾನನಿಗೂ ಹೇಳದೆ, ಜವರಪ್ಪನವರು ಬೆನ್ನು ತಿರುಗಿಸಿ ನಡೆಯುತ್ತಿದ್ದಾಗ ನಾನು ಗಂಟಲು ಒತ್ತಿ, ನೋವಿನಲ್ಲಿದ್ದವನ ಹಾಗೆ ಕರೆದೆ: “ಜವಾರ್…”

ಮೂರು ಗಂಟೆ ಹದಿನೇಳು ನಿಮಿಷ.

ಅವರು ನಿಂತರು. ಕಾಲು ಕುಸಿದು ಕೂತರು, ಕೂತವರು ಹಾಗೇ ನೆಲಕ್ಕೆ ಮುಖ ಒತ್ತಿ ಮಲಗಿಬಿಟ್ಟರು. ಎರಡೂ ಕೈ ಕಿವಿಯ ಮೇಲೆ. ಬೆನ್ನು ಅದುರುತ್ತಿತ್ತು. ಇಮ್ರಾನ್ ಕ್ಯಾಮೆರಾದಿಂದ ತಲೆಯೆತ್ತಿ ನನ್ನನ್ನು ನೋಡಿದ. ನಿಲ್ಲಿಸಬೇಡ ಎಂದು ಕೈಸನ್ನೆ ಮಾಡಿದೆ. ಇದನ್ನು ಬರೆಯಲೇಬೇಕು: ಆ ಹೊತ್ತಿಗೆ ನನಗೆ ಆಗಿದ್ದು ಸಂತೋಷ. ನಾನು ನೋಡಿದ ಯಾವ ಸಿನಿಮಾದಲ್ಲೂ ಇಂಥದ್ದಿಲ್ಲ ಎಂದುಕೊಂಡೆ.

ಎರಡು ನಿಮಿಷ ಕಳೆದಿರಬಹುದು. ಗದ್ದೆಯ ಪಶ್ಚಿಮದ ಮೂಲೆಯಿಂದ ಯಾರೋ ಕೂಗಿದರು.

“ಒಳಗ್ಯಾರ್ರೋ? ಇದ್ರೆ ಓ ಅನ್ರೋ!”

ಈ ಕೂಗಿನ ಬಗ್ಗೆ ಹೇಳಬೇಕು. ನಮ್ಮಲ್ಲಿ ಕೆಲವರು ಕಟಾವಿಗೆ ಮುಂಚೆ ನಿಂತ ಕಬ್ಬಿಗೇ ಬೆಂಕಿ ಇಡುತ್ತಾರೆ. ತರಗು ಸುಟ್ಟುಹೋಗುತ್ತದೆ, ಕಡಿಯುವ ಆಳುಗಳು ಬೇಗ ಒಪ್ಪುತ್ತಾರೆ, ಸುಟ್ಟ ಕಬ್ಬನ್ನು ಕಾರ್ಖಾನೆಯವರು ತಡಮಾಡದೆ ಸಾಗಿಸಿಕೊಳ್ಳುತ್ತಾರೆ. ಬೆಂಕಿ ಇಡುವ ಮುನ್ನ ಮೂಲೆಯಲ್ಲಿ ನಿಂತು ಮೂರು ಸಲ ಕೂಗಬೇಕು. ಒಳಗೆ ಹುಲ್ಲು ಕೊಯ್ಯುವವರೋ, ನೆರಳಿಗೆ ಮಲಗಿದವರೋ ಇದ್ದರೆ ಓಗೊಡಬೇಕು. ಅರ್ಥ ಗೊತ್ತಿರಲಿಲ್ಲ ಎಂದು ನಾನು ಆಮೇಲೆ ಹಲವರಿಗೆ ಹೇಳಿದೆ. ಸುಳ್ಳು. ಚಿಕ್ಕಂದಿನಲ್ಲಿ ತಾತನ ಗದ್ದೆಯಲ್ಲಿ ಆ ಕೂಗನ್ನು ನಾನೇ ಕೂಗಿದ್ದೇನೆ. ತಪ್ಪಿಸಿಕೊಂಡ ದನ ಅರಸುವವರೂ ಹೀಗೆ ಕೂಗುತ್ತಾರಲ್ಲ, ಇದು ಅದೇ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಇನ್ನೊಂದು ಟೇಕು ಹಾಳಾಗುತ್ತದಲ್ಲ ಎಂಬ ಸಿಟ್ಟೇ ದೊಡ್ಡದಾಗಿತ್ತು.

ಎರಡನೆಯ ಕೂಗಿಗೆ ಜವರಪ್ಪನವರು ಮುಖವೆತ್ತಿದರು. ಕ್ಯಾಮೆರಾದ ಪಕ್ಕದಲ್ಲಿದ್ದ ನನ್ನನ್ನೇ ನೋಡಿದರು. ನಾನು ತುಟಿಯ ಮೇಲೆ ಬೆರಳಿಟ್ಟೆ. ಮೂರನೆಯ ಕೂಗಿಗೆ ಇಮ್ರಾನ್ ಬಾಯಿ ತೆರೆಯಲು ಹೋದ. ಅವನಿಗೂ ಬೆರಳು ತೋರಿಸಿದೆ. ಮೂವರೂ ಸುಮ್ಮನಿದ್ದೆವು.

ಮೊದಲು ಚಟಪಟ ಸದ್ದು ಬಂತು. ಪಶ್ಚಿಮದ ಕಡೆ ಆಕಾಶ ಕಂದು ಬಣ್ಣಕ್ಕೆ ತಿರುಗಿತು. ಇಮ್ರಾನ್ “ಬೆಂಕಿ ಕಣ್ಲೋ!” ಎಂದು ಚೀರಿದ. ಜವರಪ್ಪನವರು ಏಳಲಿಲ್ಲ. ಇಮ್ರಾನ್ ಅವರ ರಟ್ಟೆ ಹಿಡಿದು ಎಳೆಯತೊಡಗಿದ. ನಾನು ಕ್ಯಾಮೆರಾ ಎತ್ತಿಕೊಂಡು ಓಡಿದೆ. ಹೌದು, ಕ್ಯಾಮೆರಾ ಎತ್ತಿಕೊಂಡೆ. ಅವರನ್ನಲ್ಲ. ಗರಿಗಳು ಮುಖ ಕೊಯ್ಯುತ್ತಿದ್ದವು, ತರಗಿನ ಧೂಳಿನಲ್ಲಿ ಕಣ್ಣು ಕಾಣುತ್ತಿರಲಿಲ್ಲ. ಸಾಲು ಹಿಡಿದು ಓಡಿ ಪೂರ್ವದ ನಾಲೆಯ ಏರಿಗೆ ಬಿದ್ದೆ.

ಅಲ್ಲಿ ಗದ್ದೆಯ ಯಜಮಾನರು ನಿಂತಿದ್ದರು. ಬೋರೇಗೌಡರು ಎಂದು ಆಮೇಲೆ ತಿಳಿಯಿತು. ಉರಿಯುತ್ತಿದ್ದ ತರಗಿನ ಪಂಜೊಂದು ನಾಲೆಯ ನೀರಿನಲ್ಲಿ ಹೊಗೆಯಾಡುತ್ತಿತ್ತು.

“ಬಂದ್ಯಾ! ಇನ್ನೆಷ್ಟು ಜನ ಅವ್ರಲಾ ಒಳಗೆ?” ಎಂದು ಅವರು ನನ್ನ ಅಂಗಿ ಹಿಡಿದು ಕೇಳಿದರು. ಇಬ್ಬರು ಎಂದೆ. ಅವರು ಒಳಗೆ ನುಗ್ಗುವಷ್ಟರಲ್ಲಿ ಇಮ್ರಾನ್, ಜವರಪ್ಪ ಇಬ್ಬರೂ ಹೊರಬಂದರು. ಎಳೆದುಕೊಂಡು ಬಂದವನು ಯಾರು, ಬಂದವರು ಯಾರು ಎಂದು ತಿಳಿಯದ ಹಾಗೆ ಒಬ್ಬರಿಗೊಬ್ಬರು ಆತುಕೊಂಡಿದ್ದರು. ಇಮ್ರಾನನ ಎಡ ಮುಂಗೈ ಬೆಂದಿತ್ತು.

ಬೋರೇಗೌಡರು ನಮ್ಮನ್ನು ಎಣಿಸಿದರು. “ಇನ್ನೊಬ್ಬ ಎಲ್ಲಿ?”

“ಮೂವರೇ,” ಎಂದೆ.

“ಮೂರೇ ಜನನಾ? ಮತ್ತೆ ಆ ಇಂದಿ ಮಾತಾಡ್ದೋನು?”

ಅವರು ಹೇಳಿದ್ದು ಇಷ್ಟು. ಗಾಳಿ ಪೂರ್ವದಿಂದ ಬೀಸುತ್ತಿತ್ತು. ಪದ್ಧತಿಯಂತೆ ಮೊದಲು ಗಾಳಿಯ ಕೆಳಗಿನ ಪಶ್ಚಿಮದ ಅಂಚಿಗೆ ಬೆಂಕಿ ಇಟ್ಟರು. ಅದು ಗಾಳಿಗೆ ಎದುರಾಗಿ ನಿಧಾನ ಉರಿಯುತ್ತದೆ. ಆಮೇಲೆ ಪೂರ್ವದ ಅಂಚಿಗೆ ಇಟ್ಟರೆ ಗಾಳಿ ಒಂದೇ ಉಸಿರಿಗೆ ಗದ್ದೆಯನ್ನೆಲ್ಲ ನುಂಗುತ್ತದೆ. ಪಂಜು ಹಿಡಿದು ಸುತ್ತು ಬಂದು ಪೂರ್ವದ ಅಂಚಿಗೆ ಬಗ್ಗಿದಾಗ ಒಳಗಿಂದ ಒಬ್ಬ ಗಂಡಸು ಜೋರಾಗಿ ಕೂಗಿದ. ಹಿಂದಿ ಎಂದು ತಿಳಿಯಿತು, ಮಾತು ತಿಳಿಯಲಿಲ್ಲ. ಮೂರು ಸಲ ಕೂಗಿದ. ಇವರು ಪಂಜನ್ನು ನೀರಿಗೆ ಎಸೆದರು.

“ನೀನೇನ್ಲಾ ಕೂಗಿದ್ದು?” ಎಂದು ಇಮ್ರಾನನನ್ನು ಕೇಳಿದರು.

“ನಾನಲ್ಲ ಗೌಡ್ರೇ. ನಾನು ಕನ್ನಡದಲ್ಲೇ ಅರಚಿದ್ದು. ಬೆಂಕಿ ಕಂಡಾಗ ಇಂದಿ ಎಲ್ ಬತ್ತದೆ?”

“ಬೆಂಕಿ ಅಂದಿದ್ದೂ ಕೇಳ್ತು. ಅದು ಆಮೇಲೆ. ಅದ್ಕೂ ಮುಂಚೆ ಕೂಗ್ದ ಅವ್ನು. ಅವ್ನು ಕೂಗ್ದೇ ಇದ್ದಿದ್ರೆ ನಿಮ್ಮ ಮೂರ್ ಜನ್ರ ಬೂದಿ ಬಾಚ್ಬೇಕಾಗಿತ್ತು ನಾನು,” ಎಂದವರು ಒಮ್ಮೆಗೇ ಸಿಟ್ಟಿಗೆದ್ದರು. “ಮೂರ್ ಸಲ ಕೂಗುದ್ನಲ್ರೋ! ಬಾಯ್ತುಂಬ ಏನು ಅವಲಕ್ಕಿ ಇಟ್ಕಂಡಿದ್ರಾ?”

ನಾವು ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಒಳಗೆ ನಾಲ್ಕನೆಯವನಿದ್ದಾನೆ, ನಾವು ಹೆದರಿ ಮುಚ್ಚಿಡುತ್ತಿದ್ದೇವೆ ಎಂದೇ ತಿಳಿದರು. ಊರಿನವರು ಓಡಿ ಬಂದರು. ಬೆಂಕಿ ಅರ್ಧ ಗದ್ದೆ ಸುಟ್ಟು ತಗ್ಗಿದ ಮೇಲೆ ಕೋಲು ಹಿಡಿದು ಸಾಲು ಸಾಲಾಗಿ ಹುಡುಕಿದರು. ನಾನೂ ಹುಡುಕಿದೆ. ಇಲ್ಲದವನನ್ನು ಹುಡುಕುತ್ತಿದ್ದೇನೆ ಎಂದು ಗೊತ್ತಿತ್ತು. ಆದರೂ ಕಪ್ಪು ಬೂದಿಯಲ್ಲಿ ಏನಾದರೂ ಉಬ್ಬಿ ಕಂಡರೆ ಕೋಲಿನಿಂದ ಕೆದಕಿ ನೋಡುತ್ತಿದ್ದೆ. ಸಿಕ್ಕಿದ್ದು ಒಂದು ಮುಂಗುಸಿ ಮಾತ್ರ. ಜವರಪ್ಪನವರು ಏರಿಯ ಮೇಲೆ ಕೂತೇ ಇದ್ದರು.

ಚಿತ್ರ ಅಲ್ಲಿಗೆ ನಿಂತಿತು. ಇಮ್ರಾನ್ ಮನೆಯಲ್ಲಿ ಕೈಗೆ ಬೈಕಿನ ಸೈಲೆನ್ಸರ್ ತಗುಲಿತು ಎಂದು ಹೇಳಿದ್ದ. ಕೈ ಮಾಗಿದ ಮೇಲೆ ಮೆಮೊರಿ ಕಾರ್ಡನ್ನು ತಂದು ನನ್ನ ಮೇಜಿನ ಮೇಲಿಟ್ಟು, “ಇದು ನಮ್ಮಂಗಡೀಲಿ ಬ್ಯಾಡ,” ಎಂದ.

ಅದನ್ನು ಕಂಪ್ಯೂಟರಿಗೆ ಹಾಕಿ ಎಷ್ಟೋ ಸಲ ಕೇಳಿದೆ. ಬೋರೇಗೌಡರ ಮೂರೂ ಕೂಗು ಸ್ಪಷ್ಟವಾಗಿವೆ. ಇಮ್ರಾನನ ಚೀರು ಇದೆ. ನಡುವೆ ಗರಿಗಳ ಸದ್ದು, ಬೆಂಕಿಯ ಚಟಪಟ ಬಿಟ್ಟರೆ ಏನೂ ಇಲ್ಲ. ಕಾರಣ ಹುಡುಕಿದೆ. ಹೊರ ರಾಜ್ಯದ ಕಟಾವಿನವರು ಇದ್ದರೇ ಎಂದು ವಿಚಾರಿಸಿದೆ. ಆ ವಾರ ಸುತ್ತಮುತ್ತ ಯಾರೂ ಇರಲಿಲ್ಲ. ಹಳಿ ನೋಡಿಕೊಳ್ಳುವವರೇ ಎಂದು ಕೇಳಿದೆ. ಅಂದು ಅವರು ಆ ಕಡೆ ಬಂದಿರಲಿಲ್ಲ. ಜವರಪ್ಪನವರಿಗೆ ಕೇಳಿಸಿದ್ದರೆ ನಾನು ಓದಿದ್ದು ಸಾಕಾಗುತ್ತಿತ್ತು. ನನಗೇ ಕೇಳಿಸಿದ್ದರೂ ನನ್ನ ಅಪರಾಧಭಾವ ಎಂದು ಮುಗಿಸಿಬಿಡುತ್ತಿದ್ದೆ. ಕೇಳಿಸಿದ್ದು ಬೋರೇಗೌಡರಿಗೆ. ಅವರು ಯುದ್ಧ ಕಂಡವರಲ್ಲ. ನಮ್ಮ ಕಥೆ ಅರಿತವರಲ್ಲ. ಒಳಗೆ ಜನ ಇದ್ದಾರೆಂದೇ ಅವರಿಗೆ ಗೊತ್ತಿರಲಿಲ್ಲ.

ನಾಲ್ಕು ತಿಂಗಳು ನನಗೆ ಸರಿಯಾಗಿ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ದನಿಯಲ್ಲ, ಬೆಂಕಿಯೂ ಅಲ್ಲ, ಕ್ಯಾಮೆರಾದ ಪಕ್ಕಕ್ಕೆ ನೋಡುವ ಜವರಪ್ಪನವರ ಕಣ್ಣು. ಬಂಡೂರಿನ ಕೆಲಸ ಬಂದರೆ ಕಚೇರಿಯ ಇನ್ನೊಬ್ಬರಿಗೆ ದಾಟಿಸುತ್ತಿದ್ದೆ. ಕೊನೆಗೆ ತಡೆಯಲಾರದೆ ಒಂದು ಭಾನುವಾರ ಹೋದೆ.

ಅವರು ಕೊಟ್ಟಿಗೆಯಲ್ಲಿದ್ದರು. ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಿಂತೇ ಎಲ್ಲ ಒಪ್ಪಿಕೊಂಡೆ. ‘ಜವಾರ್’ ಎಂದು ಕರೆದವನು ನಾನೇ ಎಂದೆ.

“ಗೊತ್ತು ಕಣಯ್ಯ,” ಎಂದರು. “ನಿನ್ ದನಿ ನಂಗೆ ತಿಳಿಯಕಿಲ್ವಾ? ನಂಗೇನು ತಲೆ ಕೆಟ್ಟಿರ್ನಿಲ್ಲ. ಆ ಎಸ್ರು ನಿನ್ ಬಾಯಿಂದ ಬಂತಲ್ಲ, ಅದ್ಕೆ ಕಾಲ್ ಸೋತೋದೊ.”

ನಾನು ಕೇಳಿದೆ: “ಗೌಡರು ಕೂಗಿದಾಗ ನೀವಾದರೂ ಓಗೊಡಬಹುದಿತ್ತಲ್ಲ?”

ಅವರು ಕುರಿಯ ಮುಂದೆ ಸೊಪ್ಪು ಹಾಕಿದರು. “ಬಾಯ್ ಮೇಲೆ ಬೆರಳ್ ಇಟ್ಟೋನು ನೀನಲ್ವೇನಪ್ಪ? ಸುಮ್ಕಿರು ಅಂದೆ. ಸುಮ್ಕಿದ್ದೆ.”

ಜೇಬಿನಿಂದ ಬೈಕಿನ ಕೀ ತೆಗೆದೆ. ಹೊರಡಲು ತಿರುಗಿದಾಗ ಅವರೇ ಕರೆದರು.

“ಆ ಗೌಡ್ನಿಗೆ ಕೇಳಿಸ್ತಂತಲ್ಲ, ನಂಗೆ ಕೇಳ್ನಿಲ್ಲ. ಇಷ್ಟ್ ವರ್ಸದಿಂದ ಕಿವಿ ತೆರ್ಕೊಂಡು ಕೂತಿರೋನು ನಾನು. ಕೇಳಿದ್ದು ಅವ್ನಿಗೆ.” ಕೈ ಒರೆಸಿಕೊಂಡು ಎದ್ದರು. “ನಡಿ, ಅಲ್ಲಿಗೆ ಓಗ್ಬರಾನ.”

ನನ್ನ ಬೈಕಿನಲ್ಲೇ ಯಲಿಯೂರಿಗೆ ಹೋದೆವು. ಸುಟ್ಟ ಗದ್ದೆಯಲ್ಲಿ ಕಡಿದ ಬುಡಗಳಿಂದ ಕೂಳೆ ಕಬ್ಬು ಮೊಣಕಾಲೆತ್ತರಕ್ಕೆ ಚಿಗುರಿತ್ತು. ಬೋರೇಗೌಡರು ನೀರು ಕಟ್ಟುತ್ತಿದ್ದರು. ಜವರಪ್ಪನವರು ಹೆಚ್ಚು ಮಾತಾಡದೆ, ಅವತ್ತು ಕೇಳಿದ್ದನ್ನು ಒಮ್ಮೆ ಹಾಗೇ ಕೂಗಿ ತೋರಿಸಿ ಎಂದರು.

“ಏ, ಬುಡಿ ಮಿಲ್ಟ್ರಿಯೋರೆ! ಜನ ನೋಡುದ್ರೆ ಗೌಡ್ನಿಗೆ ಗಾಳಿ ಸೋಕ್ಯದೆ ಅಂತಾರೆ,” ಎಂದು ಗೌಡರು ನಕ್ಕರು. ಎದುರಿನವರು ನಗದೆ ನಿಂತಿದ್ದನ್ನು ಕಂಡು ನಗು ನಿಲ್ಲಿಸಿದರು. “ಮಾತು ನೆಪ್ಪಿಲ್ಲ ಕಣಣ್ಣ. ಕೂಗಿದ ದಾಟಿ ನೆಪ್ಪದೆ.”

ಸನಿಕೆ ಕೆಳಗಿಟ್ಟರು. ಸುತ್ತ ನೋಡಿದರು. ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದರು. ಪದವಿಲ್ಲದ ಕೂಗು. ತಗ್ಗಿನಲ್ಲಿ ಶುರುವಾಗಿ ಏರಿ, ತುದಿಯಲ್ಲಿ ಎಳೆದು, ತಟ್ಟನೆ ಕಡಿದುಹೋಗುವಂಥದ್ದು. ನಮ್ಮ ಕಡೆ ಯಾರೂ ಹಾಗೆ ಕೂಗುವುದನ್ನು ನಾನು ಕೇಳಿಲ್ಲ.

“ಇನ್ನೊಂದ್ಸಲ,” ಎಂದರು ಜವರಪ್ಪ. ಗೌಡರು ಮತ್ತೆ ಕೂಗಿದರು.

“ಇನ್ನೊಂದ್ಸಲ.”

ಮೂರನೆಯ ಕೂಗು ಕಡಿದಾಗ, ನೆಲ ನೋಡುತ್ತ ನಿಂತಿದ್ದ ಜವರಪ್ಪನವರು ತಲೆಯೆತ್ತಿ, ಗದ್ದೆಯ ಕಡೆಗೆ ತಿರುಗಿ, ಎದೆಯ ಬಲವೆಲ್ಲ ಹಾಕಿ “ಓ” ಎಂದರು. ಆಚೆಯ ಗದ್ದೆಯ ಕೊಕ್ಕರೆಗಳು ಎದ್ದು ಹಾರಿದವು. ಗೌಡರು ಹೆದರಿ ಒಂದು ಹೆಜ್ಜೆ ಹಿಂದಿಟ್ಟರು.

ಅದು ಬೆಟ್ಟದಲ್ಲಿ ಕರೆದ ಆ ಹುಡುಗನ ದನಿಯೇ ಎಂದು ನಾನು ಕೇಳಬೇಕಿತ್ತೇನೋ. ಮಳವಳ್ಳಿ ದಾರಿಯುದ್ದಕ್ಕೂ ಮಾತು ನಾಲಗೆಯ ತುದಿಯಲ್ಲೇ ಇತ್ತು. ಆದರೆ ಆ ಮನುಷ್ಯನಿಂದ ಇನ್ನೇನನ್ನೂ ಕಿತ್ತುಕೊಳ್ಳುವ ಹಕ್ಕು ನನಗಿಲ್ಲ ಎನ್ನಿಸಿತು. ಬಂಡೂರಿನಲ್ಲಿ ಇಳಿದವರು ಹಿಂತಿರುಗಿ ನೋಡದೆ ಒಳಗೆ ಹೋದರು. ಕಬ್ಬಿನೊಳಗಿಂದ ಗೌಡರಿಗೆ ಓಗೊಟ್ಟವರು ಯಾರು ಎಂಬುದು ನನಗೆ ಇಂದಿಗೂ ತಿಳಿದಿಲ್ಲ.

ಆ ಭಾನುವಾರ ಮನೆಗೆ ಬಂದು, ಊಟವನ್ನೂ ಮಾಡದೆ ಒರಗಿದವನು ಸೋಮವಾರ ಬಿಸಿಲು ಮುಖಕ್ಕೆ ಬಿದ್ದಾಗಲೇ ಎಚ್ಚರಾದದ್ದು. ನಾಲ್ಕು ತಿಂಗಳಲ್ಲಿ ಮೊದಲ ಸಲ, ಮಧ್ಯೆ ಒಮ್ಮೆಯೂ ಏಳದೆ ಮಲಗಿದ್ದೆ. ಮೈ ಹಗುರಾಗಿತ್ತು. ಇಷ್ಟು ಚೆನ್ನಾಗಿ ನಿದ್ದೆ ಮಾಡಿದೆನಲ್ಲ ಎಂದು ನಾಚಿಕೆಯಾಗಿ, ಬಹಳ ಹೊತ್ತು ಹಾಸಿಗೆಯ ಮೇಲೇ ಕೂತಿದ್ದೆ.